ಎರಡು ಲಕ್ಷ ಕ್ಯಾಪ್, ಹದಿನೈದು ಅಕ್ಷರ: ವಿಕ್ಸ್‌ಬರ್ಗ್ ಗುಪ್ತಪತ್ರದ ಪ್ರಕರಣ

1863ರ ಮೇ ತಿಂಗಳ ಕೊನೆ. ಅಮೆರಿಕದ ಅಂತರ್ಯುದ್ಧ ಮೂರನೇ ವರ್ಷಕ್ಕೆ ಕಾಲಿಟ್ಟಿತ್ತು. ಮಿಸಿಸಿಪ್ಪಿ ನದಿಯ ದಡದ ದಿಣ್ಣೆಯ ಮೇಲಿರುವ ವಿಕ್ಸ್‌ಬರ್ಗ್ ಊರನ್ನು ಉತ್ತರದ ಸೇನೆ ಸುತ್ತುವರಿದಿತ್ತು. ಊರೊಳಗೆ ದಕ್ಷಿಣದ ಜನರಲ್ ಪೆಂಬರ್ಟನ್ ಮತ್ತು ಅವನ ಸುಮಾರು 30,000 ಸೈನಿಕರು. ಹೊರಗೆ ಯುಲಿಸಿಸ್ ಗ್ರಾಂಟ್. ಮೇ 19ಕ್ಕೆ ಒಮ್ಮೆ, 22ಕ್ಕೆ ಇನ್ನೊಮ್ಮೆ ಗ್ರಾಂಟ್ ನುಗ್ಗಿ ನೋಡಿದ. ಎರಡು ಸಲವೂ ಪೆಟ್ಟು ತಿಂದು ಹಿಂದೆ ಸರಿದ. ಇನ್ನು ಹಸಿವಿನಿಂದಲೇ ಮಣಿಸೋಣ ಅಂತ ಮುತ್ತಿಗೆ ಬಿಗಿ ಮಾಡಿದ. ಈ ಬೇಲಿಯ ಆಚೆ, ಜಾಕ್ಸನ್ ಊರಿನ ಕಡೆ, ದಕ್ಷಿಣದ ಇನ್ನೊಬ್ಬ ಜನರಲ್ ಜೋಸೆಫ್ ಜಾನ್‌ಸ್ಟನ್ ಪೆಂಬರ್ಟನ್‌ಗೆ ನೆರವಾಗಲು ಸೇನೆ ಕೂಡಿಸುತ್ತಿದ್ದ.

ಇಬ್ಬರೂ ಮಾತಾಡಿಕೊಳ್ಳಬೇಕಿತ್ತು. ಒಳಗಿನವನಿಗೆ ಬಂದೂಕಿನ ಕ್ಯಾಪ್‌ಗಳೂ ಬೇಕಿದ್ದವು. ಕ್ಯಾಪ್ ಅಂದರೆ ಬಟಾಣಿಗಿಂತ ಸಣ್ಣ ತಾಮ್ರದ ಟೋಪಿ. ಒಳಗೆ ಚಿಟಿಕೆಯಷ್ಟು ಸಿಡಿಮದ್ದು. ಕುದುರೆ ಎಳೆದಾಗ ಸುತ್ತಿಗೆ ಬಂದು ಇದರ ಮೇಲೆ ಬೀಳುತ್ತದೆ, ಕಿಡಿ ಒಳಗಿನ ಮದ್ದಿಗೆ ತಾಗುತ್ತದೆ. ಕ್ಯಾಪ್ ಇಲ್ಲದಿದ್ದರೆ ಮದ್ದು, ಗುಂಡು ಎಷ್ಟೇ ಇದ್ದರೂ ಬಂದೂಕು ಬರೀ ದೊಣ್ಣೆ.

ಗ್ರಾಂಟ್‌ನ ಕಾವಲಿನವರು ಊರೊಳಗೆ ನುಸುಳಲು ನೋಡುತ್ತಿದ್ದ ಎಂಟು ಜನರನ್ನು ಹಿಡಿದರು. ಅವರ ಹತ್ತಿರ ಎರಡು ಲಕ್ಷ ಕ್ಯಾಪ್ ಸಿಕ್ಕವು. ಜೊತೆಗೆ ಒಂದು ಕಾಗದ. ಗ್ರಾಂಟ್ ಆ ಕಾಗದವನ್ನು ವಾಷಿಂಗ್ಟನ್‌ಗೆ ಕಳಿಸಿದ. ಇದನ್ನು ಬಿಡಿಸುವಷ್ಟು ಜಾಣರು ನನ್ನ ಬಳಿ ಯಾರೂ ಇಲ್ಲ, ಅಲ್ಲಿ ಯಾರಾದರೂ ಇರಬಹುದು ಅಂತ ಜೊತೆಗೆ ಬರೆದ.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮಜಾ ಅನ್ನಿಸುವ ಸಂಗತಿ ಇದೇ. ಕಾಗದ ಬಿಡಿಸಲು ಬೇಕಾದದ್ದೆಲ್ಲ ಗ್ರಾಂಟ್‌ನ ಡೇರೆಯಲ್ಲೇ ಬಿದ್ದಿತ್ತು. ಚೀಲಗಳಲ್ಲಿ, ತಾಮ್ರದ ರೂಪದಲ್ಲಿ.

ಕಾಗದದಲ್ಲಿ ಏನಿತ್ತು

ಪತ್ರ ಇಂಗ್ಲಿಷಿನದ್ದು. ಹಾಗಾಗಿ ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸುತ್ತೇನೆ. ಶುರುವಿನ ಎರಡು ವಾಕ್ಯ ಹೀಗಿದ್ದವು:

ಮೈ ಎಕ್ಸ್-ಎ-ಎಫ್-ವಿ ಯು-ಎಸ್-ಎಲ್-ಎಕ್ಸ್ ವಾಸ್ ವಿ-ವಿ-ಯು-ಎಫ್-ಎಲ್-ಎಸ್-ಜೆ-ಪಿ ಬೈ ದಿ ಬಿ-ಆರ್-ಸಿ-ವೈ-ಐ-ಜೆ. 2,00,000 ವಿ-ಇ-ಜಿ-ಟಿ ಎಸ್-ಯು-ಎ-ಜೆ ಎನ್-ಇ-ಆರ್-ಪಿ ಝಡ್-ಐ-ಎಫ್-ಎಂ.

ಮುಂದೆಯೂ ಇದೇ ವರಸೆ. ಒಂದಷ್ಟು ಪದ ಮುಚ್ಚಿದ್ದಾರೆ, ಒಂದಷ್ಟು ಹಾಗೇ ಬಿಟ್ಟಿದ್ದಾರೆ. ಲೆಕ್ಕ ಹಾಕಿದರೆ ಮುಚ್ಚಿದ ಪದ 25, ಬಿಟ್ಟ ಪದವೂ 25. ಅರ್ಧಕ್ಕರ್ಧ! ಬ್ರ್ಯಾಗ್ ಅನ್ನುವ ಜನರಲ್‌ನ ಹೆಸರು ಸಹ ಬಯಲಲ್ಲೇ ಇದೆ. ಕೆಳಗೆ ಜಾನ್‌ಸ್ಟನ್‌ನ ಹೆಸರೂ ಇದೆ. ಪದಗಳ ನಡುವಿನ ಜಾಗವನ್ನೂ ತೆಗೆದಿಲ್ಲ. ಹಾಗಾಗಿ ಯಾವ ಪದ ಎಷ್ಟು ಅಕ್ಷರದ್ದು ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಮುಚ್ಚಿದ್ದು ಹೇಗೆ

ಹಳೆಯ, ಸುಲಭದ ಕೀಲಿಪದದ ಪದ್ಧತಿಯಲ್ಲಿ ಒಂದು ಪದ ತೆಗೆದುಕೊಂಡು ಅದರ ಅಕ್ಷರಗಳನ್ನು ಮೊದಲು ಬರೆಯುತ್ತಾರೆ. ಎರಡನೇ ಸಲ ಬಂದ ಅಕ್ಷರ ಬಿಡುತ್ತಾರೆ. ಉಳಿದ ಅಕ್ಷರಗಳನ್ನು ಸಾಲಾಗಿ ಅದರ ಹಿಂದೆ ಜೋಡಿಸುತ್ತಾರೆ. ಹೀಗೆ ಅಕ್ಷರಮಾಲೆಯೇ ಅದಲುಬದಲಾಗುತ್ತದೆ. ಆದರೆ ಇಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಮುಖವಾಡ. ‘ಇ’ ಅಕ್ಷರ ‘ಕ್ಯೂ’ ಆದರೆ ಪತ್ರ ಮುಗಿಯುವ ತನಕ ‘ಕ್ಯೂ’ ಆಗಿಯೇ ಇರುತ್ತದೆ. ಇಂಗ್ಲಿಷಿನಲ್ಲಿ ‘ಇ’ ಎಲ್ಲಕ್ಕಿಂತ ಜಾಸ್ತಿ ಬರುವ ಅಕ್ಷರ. ಎಣಿಸಿದರೆ ಸಿಕ್ಕಿಬೀಳುತ್ತದೆ. ಈ ಎಣಿಕೆಯ ಉಪಾಯವನ್ನು 9ನೇ ಶತಮಾನದಲ್ಲೇ ಬಾಗ್ದಾದಿನ ಅಲ್-ಕಿಂದಿ ಬರೆದಿಟ್ಟಿದ್ದ.

ದಕ್ಷಿಣದವರು ಬಳಸಿದ್ದು ಇದಕ್ಕಿಂತ ಗಟ್ಟಿ ಪದ್ಧತಿ. 1553ರಲ್ಲಿ ಇಟಲಿಯ ಬೆಲ್ಲಾಸೊ ಪ್ರಕಟಿಸಿದ್ದು. ಮುಂದೆ ಅದಕ್ಕೆ ಫ್ರಾನ್ಸಿನ ವಿಜನೇರ್ ಹೆಸರು ಅಂಟಿಕೊಂಡಿತು. ಇಲ್ಲಿ ಕೀಲಿಪದದ ಪ್ರತಿ ಅಕ್ಷರವೂ ಬೇರೆ ಬೇರೆ ಮುಖವಾಡ ಕೊಡುತ್ತದೆ. ಆಗಿನವರು ಇದಕ್ಕೆ 26 ಸಾಲು, 26 ಕಂಬದ ಕೋಷ್ಟಕ ಅಥವಾ ಹಿತ್ತಾಳೆಯ ತಿರುಗುಬಿಲ್ಲೆ ಬಳಸುತ್ತಿದ್ದರು. ನಮಗೆ ಕೂಡುವುದು, ಕಳೆಯುವುದು ಬಂದರೆ ಸಾಕು. ಅಕ್ಷರಗಳಿಗೆ ಅಂಕಿ ಹಾಕಿಕೊಳ್ಳೋಣ:

ಎ 0, ಬಿ 1, ಸಿ 2, ಡಿ 3, ಇ 4, ಎಫ್ 5, ಜಿ 6, ಎಚ್ 7, ಐ 8, ಜೆ 9, ಕೆ 10, ಎಲ್ 11, ಎಂ 12, ಎನ್ 13, ಓ 14, ಪಿ 15, ಕ್ಯೂ 16, ಆರ್ 17, ಎಸ್ 18, ಟಿ 19, ಯು 20, ವಿ 21, ಡಬ್ಲ್ಯೂ 22, ಎಕ್ಸ್ 23, ವೈ 24, ಝಡ್ 25.

ಪತ್ರದ ಅಕ್ಷರದ ಕೆಳಗೆ ಕೀಲಿಪದದ ಅಕ್ಷರ ಬರೆಯಿರಿ. ಎರಡರ ಅಂಕಿ ಕೂಡಿಸಿ. 26 ಅಥವಾ ಅದಕ್ಕಿಂತ ಹೆಚ್ಚು ಬಂದರೆ 26 ಕಳೆಯಿರಿ. ಬಂದ ಅಂಕಿಯ ಅಕ್ಷರವೇ ಗುಪ್ತ ಅಕ್ಷರ. ಕೀಲಿಪದ ಮುಗಿದರೆ ಮತ್ತೆ ಮೊದಲಿನಿಂದ.

ಈ ಪತ್ರದ ಕೀಲಿಪದವನ್ನು ಈಗಲೇ ಹೇಳಿಬಿಡುತ್ತೇನೆ: ಮ್ಯಾಂಚೆಸ್ಟರ್ ಬ್ಲಫ್. ಒಟ್ಟು 15 ಅಕ್ಷರ. ಅಂಕಿಯಲ್ಲಿ 12, 0, 13, 2, 7, 4, 18, 19, 4, 17, 1, 11, 20, 5, 5.

ಮೊದಲು ಮುಚ್ಚಬೇಕಾದ ಪದ ‘ಲಾಸ್ಟ್’. ಅಂದರೆ ಎಲ್, ಎ, ಎಸ್, ಟಿ. ಅಂಕಿ 11, 0, 18, 19. ಅದಕ್ಕೆ ಕೀಲಿಯ 12, 0, 13, 2 ಕೂಡಿಸಿ. 23, 0, 31, 21. ಆ 31ರಲ್ಲಿ 26 ಕಳೆದರೆ 5. ಅಂಕಿಯನ್ನು ಅಕ್ಷರ ಮಾಡಿದರೆ ಎಕ್ಸ್, ಎ, ಎಫ್, ವಿ. ಕಾಗದದಲ್ಲಿರುವುದೂ ಅದೇ.

ಇದರ ಬಲ ಎಲ್ಲಿದೆ ಅಂತ ಮುಂದಿನ ಎರಡು ಪದದಲ್ಲಿ ನೋಡಿ. ‘ನೋಟ್’ ಪದದ ‘ಇ’ ಇಲ್ಲಿ ‘ಎಕ್ಸ್’ ಆಗಿದೆ. ‘ರಿಟರ್ನ್ಡ್’ ಪದದಲ್ಲಿ ಎರಡು ‘ಇ’ ಇವೆ. ಮೊದಲನೆಯದು ‘ವಿ’ ಆಯಿತು, ಎರಡನೆಯದು ‘ಜೆ’ ಆಯಿತು. ಅದೇ ಪದದ ಮೊದಲ ಅಕ್ಷರ ‘ಆರ್’. ಅದೂ ‘ವಿ’ ಆಗಿದೆ! ಜೋಡಿ ‘ವಿ’ ಕಂಡು ಇದು ಜೋಡಿ ಅಕ್ಷರ ಅಂತ ಅಂದುಕೊಂಡವನು ಅಲ್ಲೇ ದಾರಿ ತಪ್ಪುತ್ತಾನೆ. ಬರೀ ಅಕ್ಷರ ಎಣಿಸುತ್ತಾ ಕೂತರೆ ಏನೂ ಸಿಗುವುದಿಲ್ಲ. ಮೂರು ಶತಮಾನ ಈ ಪದ್ಧತಿಗೆ ‘ಬಿಡಿಸಲಾಗದ್ದು’ ಅನ್ನುವ ಹೆಸರಿದ್ದದ್ದು ಸುಮ್ನೆ ಅಲ್ಲ.

ಒಡೆಯುವ ದಾರಿ

ಮುಂದೆ ಹೇಳುವುದು ವಾಷಿಂಗ್ಟನ್ನಿನವರು ಹೀಗೇ ಮಾಡಿದರು ಅಂತ ಅಲ್ಲ. ಆ ಕಾಗದ, ಆ ಚೀಲ ಎರಡೂ ಎದುರಿಗಿದ್ದರೆ ಯಾರು ಬೇಕಾದರೂ ಹೋಗಬಹುದಾದ ದಾರಿ ಇದು. ಕೀಲಿಪದ ಗೊತ್ತಿಲ್ಲ ಅಂತ ಅಂದುಕೊಳ್ಳಿ.

ಕಣ್ಣಿಗೆ ಹೊಡೆಯುವುದು 2,00,000 ಅನ್ನುವ ಅಂಕಿ. ಅದರ ಮುಂದೆ ನಾಲ್ಕಕ್ಷರದ ಪದ: ವಿ-ಇ-ಜಿ-ಟಿ. ಎರಡು ಲಕ್ಷ ಏನು? ಸೈನಿಕರೇ? ‘ಮೆನ್’ ಅನ್ನುವುದಕ್ಕೆ ಮೂರೇ ಅಕ್ಷರ, ಕೂರುವುದಿಲ್ಲ. ‘ಗನ್ಸ್’? ಅಕ್ಷರ ನಾಲ್ಕು ಸರಿ. ಪರೀಕ್ಷೆ ಮಾಡೋಣ. ಗುಪ್ತ ಅಕ್ಷರದ ಅಂಕಿಯಿಂದ ನಮ್ಮ ಊಹೆಯ ಅಂಕಿ ಕಳೆದರೆ ಕೀಲಿ ಸಿಗಬೇಕು. 21ರಲ್ಲಿ 6 ಕಳೆದರೆ 15, ಪಿ. 4ರಲ್ಲಿ 20 ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ, 26 ಕೂಡಿಸಿದರೆ 10, ಕೆ. ಹೀಗೇ ಮುಂದುವರಿಸಿದರೆ ಪಿ-ಕೆ-ಟಿ-ಬಿ. ಬಾಯಲ್ಲಿ ಹೇಳಲೂ ಆಗದ ಪದ. ಯಾವ ಕೀಲಿಪದದಲ್ಲಿ ಇಂಥ ತುಂಡು ಇರುತ್ತದೆ? ಬಿಟ್ಟುಬಿಡೋಣ.

ಹಿಡಿದವರ ಹತ್ತಿರ ಸಿಕ್ಕ ವಸ್ತು ಯಾವುದು? ಕ್ಯಾಪ್. ಎಷ್ಟು? ಎರಡು ಲಕ್ಷ. ‘ಕ್ಯಾಪ್ಸ್’ ಪದಕ್ಕೆ ಸಿ, ಎ, ಪಿ, ಎಸ್. ನಾಲ್ಕೇ ಅಕ್ಷರ. ಕಳೆದು ನೋಡಿ:

ವಿ (21) ಕಳೆ ಸಿ (2) = 19, ಟಿ.
ಇ (4) ಕಳೆ ಎ (0) = 4, ಇ.
ಜಿ (6) ಕಳೆ ಪಿ (15) = -9, 26 ಕೂಡಿಸಿದರೆ 17, ಆರ್.
ಟಿ (19) ಕಳೆ ಎಸ್ (18) = 1, ಬಿ.

ಟಿ-ಇ-ಆರ್-ಬಿ. ಇದೇನು ಪದ? ಇಲ್ಲಿ ಧೈರ್ಯ ಕಳೆದುಕೊಳ್ಳಬಾರದು. ‘ಟರ್’ ಅಂತ ಮುಗಿಯುವ ಇಂಗ್ಲಿಷ್ ಪದ ರಾಶಿ ಇವೆ. ಅದರ ಹಿಂದೆಯೇ ‘ಬಿ’ಯಿಂದ ಇನ್ನೊಂದು ಪದ ಶುರುವಾಗಿರಬಹುದು, ಅಲ್ವಾ? ಕೀಲಿ ಒಂದೇ ಪದ ಆಗಿರಬೇಕು ಅಂತೇನೂ ಇಲ್ಲ.

ಮುಂದಿನ ಮೂರು ಪದವೂ ನಾಲ್ಕು ನಾಲ್ಕು ಅಕ್ಷರದವು. ಆಮೇಲೆ ವಾಕ್ಯ ಮುಗಿಯುತ್ತದೆ. ‘ಎರಡು ಲಕ್ಷ ಕ್ಯಾಪ್’ ಅಂತ ಶುರುವಾದ ವಾಕ್ಯ ಮೂರು ನಾಲ್ಕಕ್ಷರದ ಪದದಲ್ಲಿ ಹೇಗೆ ಮುಗಿಯಬಹುದು? ಜೊತೆಗೆ ಸಿಕ್ಕ ಪತ್ರ. ಕಳಿಸಿದ್ದೇವೆ ಅಂತಲೇ ಬರೆದಿರಬೇಕು. ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್ ಸೆಂಟ್’. ಪ್ರತಿ ಪದಕ್ಕೂ ನಾಲ್ಕೇ ಅಕ್ಷರ!

‘ಹ್ಯಾವ್’ ಕಳೆದಾಗ ಎಲ್-ಯು-ಎಫ್-ಎಫ್ ಸಿಗುತ್ತದೆ. ಹಿಂದಿನ ‘ಬಿ’ ಸೇರಿಸಿದರೆ ‘ಬ್ಲಫ್’. ಇದು ನಿಜವಾದ ಪದ. ನದಿಯ ಪಕ್ಕದ ಕಡಿದಾದ ದಿಣ್ಣೆಗೆ ಹಾಗೆನ್ನುತ್ತಾರೆ. ವಿಕ್ಸ್‌ಬರ್ಗ್ ಕೂತಿರುವುದೂ ಅಂಥದ್ದರ ಮೇಲೇ. ‘ಬೀನ್’ ಕಳೆದರೆ ಎಂ-ಎ-ಎನ್-ಸಿ. ‘ಸೆಂಟ್’ ಕಳೆದರೆ ಎಚ್-ಇ-ಎಸ್-ಟಿ. ಎರಡನ್ನೂ ಕೂಡಿಸಿ ಓದಿದರೆ ‘ಮ್ಯಾಂಚೆಸ್ಟ್’ ವರೆಗೆ ಬಂತು. ಉಳಿದದ್ದು ‘ಟರ್’ನ ಬಾಲ. ಅದು ನಮ್ಮ ಕೈಯಲ್ಲಿ ಮೊದಲೇ ಇದೆ. ನಾವು ಬಿಡಿಸಿದ ತುಂಡಿನ ತಲೆಯಲ್ಲೇ ಟಿ-ಇ-ಆರ್ ಇತ್ತಲ್ಲ!

ಅಂದರೆ ಕೀಲಿ ಸುತ್ತು ಹೊಡೆದಿದೆ. ನಮ್ಮ ಮೊದಲ ಅಕ್ಷರ ‘ಟಿ’, ಹದಿನಾರನೆಯದೂ ‘ಟಿ’. ಹಾಗಾದರೆ ಉದ್ದ 15. ಹದಿನಾರು ಅಕ್ಷರ ಊಹಿಸಿದ್ದಕ್ಕೆ ಹದಿನೈದು ಅಕ್ಷರದ ಕೀಲಿ ಪೂರ್ತಿ ಕೈಗೆ ಬಂತು, ಒಂದು ಅಕ್ಷರ ತಾಳೆ ನೋಡಲು ಉಳಿಯಿತು. ಅವರು ಆ ನಾಲ್ಕು ಪದದ ಬದಲು ಮೂರನ್ನೇ ಮುಚ್ಚಿದ್ದರೂ ಕೆಲಸ ಸ್ವಲ್ಪ ಕಷ್ಟವಾಗುತ್ತಿತ್ತು. ನಾಲ್ಕೂ ಮುಚ್ಚಿ ನಮಗೇ ಅನುಕೂಲ ಮಾಡಿಕೊಟ್ಟರು!

ಊಹೆ ನಿಜವೋ ಸುಳ್ಳೋ ಅಂತ ನೋಡಲು ಮುಂದಿನ ಪದಕ್ಕೆ ಕೀಲಿ ಹಾಕಬೇಕು. ಮುಂದಿನದು ಒಂಬತ್ತಕ್ಷರದ ಪದ: ಜಿ-ಎಫ್-ಓ-ಇ-ಸಿ-ಎಸ್-ಝಡ್-ಓ-ಡಿ. ಬಿಡಿಸಿದರೆ ‘ಕಂಟಿನ್ಯೂಡ್’ ಬರುತ್ತದೆ, ಎಂಟನೇ ಅಕ್ಷರ ಒಂದು ಬಿಟ್ಟು. ಅಲ್ಲಿ ‘ಇ’ ಬರಬೇಕಾದಲ್ಲಿ ‘ಸಿ’ ಬರುತ್ತದೆ. ಸರಿಯಾಗಿ ಮುಚ್ಚಿದ್ದರೆ ಆ ಜಾಗದಲ್ಲಿ ‘ಕ್ಯೂ’ ಇರಬೇಕಿತ್ತು. ‘ಓ’ ಇದೆ. ಬರೆಯುವಾಗಲೋ ನಕಲು ಮಾಡುವಾಗಲೋ ‘ಕ್ಯೂ’ ಅಕ್ಷರದ ಬಾಲ ಹಾರಿಹೋಗಿರಬೇಕು ಅಂತ ನನ್ನ ಊಹೆ. ಒಂದು ಅಕ್ಷರ ತಪ್ಪಿದರೂ ಆಚೀಚಿನವು ಹಾಳಾಗುವುದಿಲ್ಲ. ಇದು ಈ ಪದ್ಧತಿಯ ಒಳ್ಳೆಯ ಗುಣ. ಆದರೆ ಒಂದು ಅಕ್ಷರ ಬಿಟ್ಟೇ ಹೋದರೆ ಕಥೆ ಬೇರೆ. ಅಲ್ಲಿಂದ ಮುಂದೆ ಕೀಲಿ ಒಂದು ಹೆಜ್ಜೆ ಜಾರಿ, ಎಲ್ಲವೂ ಕಲಸುಮೇಲೋಗರ.

ಪತ್ರ ಹೇಳಿದ್ದು

ಕೀಲಿ ಸಿಕ್ಕ ಮೇಲೆ ಉಳಿದದ್ದು ಗುಮಾಸ್ತರ ಕೆಲಸ. ಕನ್ನಡದಲ್ಲಿ ಪತ್ರದ ಸಾರ ಇದು:

ನನ್ನ ಹಿಂದಿನ ಚೀಟಿಯನ್ನು ಒಯ್ದವನೇ ವಾಪಸ್ ತಂದ. 2,00,000 ಕ್ಯಾಪ್ ಕಳಿಸಿದ್ದೇವೆ. ಬಂದ ಹಾಗೆಲ್ಲ ಮುಂದೆಯೂ ಕಳಿಸುತ್ತೇವೆ. ಬ್ರ್ಯಾಗ್ ಒಂದು ಡಿವಿಷನ್ ಕಳಿಸುತ್ತಿದ್ದಾನೆ. ಅದು ಬಂದ ಮೇಲೆ ನಿಮ್ಮ ಕಡೆಗೆ ಹೊರಡುತ್ತೇನೆ. ಯಾವ ದಾರಿ ಒಳ್ಳೆಯದು ಅಂತ ನಿಮಗನ್ನಿಸುತ್ತದೆ? ಶತ್ರು ಎಲ್ಲಿ, ಹೇಗೆ ಬೀಡುಬಿಟ್ಟಿದ್ದಾನೆ? ನಿಮ್ಮ ಬಲ ಎಷ್ಟು?

ಮುತ್ತಿಗೆ ಹಾಕಿ ಕೂತವನಿಗೆ ಇದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ. ಹೊರಗಿನ ಸೇನೆ ಇನ್ನೂ ತಯಾರಾಗಿಲ್ಲ, ಬ್ರ್ಯಾಗ್‌ನ ಡಿವಿಷನ್‌ಗಾಗಿ ಕಾಯುತ್ತಿದೆ. ಯಾವ ದಾರಿಯಲ್ಲಿ ಬರಬೇಕು ಅನ್ನುವುದೂ ತೀರ್ಮಾನವಾಗಿಲ್ಲ. ಒಳಗೆ ಎಷ್ಟು ಜನ ಇದ್ದಾರೆ ಅನ್ನುವುದು ಅವರ ಪೈಕಿಯವನಿಗೇ ಗೊತ್ತಿಲ್ಲ.

ಅಷ್ಟೇ ಅಲ್ಲ. ಬಿಡಿಸದೆಯೇ ಎಷ್ಟು ಸೋರಿದೆ ನೋಡಿ. ಬ್ರ್ಯಾಗ್ ಹೆಸರಿನ ಮುಂದೆ ಎರಡಕ್ಷರದ ಪದ, ಆಮೇಲೆ ಏಳಕ್ಷರದ್ದು, ಆಮೇಲೆ ಬಯಲಲ್ಲಿ ‘ಎ’ ಅನ್ನುವ ಪದ, ಆಮೇಲೆ ಎಂಟಕ್ಷರದ್ದು. ಯುದ್ಧದ ಕಾಲದಲ್ಲಿ ಒಬ್ಬ ಜನರಲ್ ‘ಒಂದು’ ಏನನ್ನು ಕಳಿಸುತ್ತಾನೆ? ಅಂಗಡಿಯ ಹುಡುಗನೂ ಹೇಳಿಯಾನು. ‘ಎಲ್ಲಿ, ಹೇಗೆ ಇದ್ದಾನೆ’ ಅನ್ನುವ ಪ್ರಶ್ನೆಯ ಪದಗಳೂ ಬಯಲಲ್ಲೇ ಇವೆ.

ಈ ಪತ್ರದಲ್ಲಿ ಒಂದು ತಮಾಷೆಯೂ ಇದೆ. ‘ಹೊರಡುತ್ತೇನೆ’ ಆದ ಮೇಲೆ ಎ-ಎಸ್ ಅನ್ನುವ ಎರಡಕ್ಷರ ಬರುತ್ತದೆ. ಇಂಗ್ಲಿಷಿನಲ್ಲಿ ‘ಆ್ಯಸ್’ ಅನ್ನುವ ನಿಜವಾದ ಪದವೇ ಇದೆ. ಇದೇ ಪತ್ರದಲ್ಲಿ ಸ್ವಲ್ಪ ಮೇಲೆ ಆ ಪದವನ್ನು ಮುಚ್ಚದೆ ಬಳಸಿದ್ದಾರೆ. ಆದರೆ ಈ ಎ-ಎಸ್ ಮುಚ್ಚಿದ ಪದ. ಕೀಲಿ ಹಾಕಿದರೆ ‘ಟು’ ಆಗುತ್ತದೆ. ಇದನ್ನು ಬಯಲು ಪದ ಅಂದುಕೊಂಡವನ ಕೀಲಿ ಎರಡು ಅಕ್ಷರ ಜಾರಿ, ಮುಂದಿನದೆಲ್ಲ ಕೆಡುತ್ತದೆ. ಪಾಪ, ಪತ್ರ ಓದಬೇಕಾಗಿದ್ದ ಪೆಂಬರ್ಟನ್‌ನ ಗುಮಾಸ್ತನಿಗೂ ಇದೇ ಅಪಾಯ ಕಾದಿತ್ತು.

ಎಣಿಕೆಯಿಂದ ಆಗುತ್ತಿತ್ತೇ?

ಈ ಪದ್ಧತಿಯನ್ನು ಊಹೆ ಇಲ್ಲದೆ ಒಡೆಯುವ ಉಪಾಯವೂ ಇದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1850ರ ದಶಕದಲ್ಲಿ ಅದನ್ನು ಕಂಡುಕೊಂಡಿದ್ದ, ಆದರೆ ಅಚ್ಚು ಹಾಕಿಸಲಿಲ್ಲ. ಪ್ರಷ್ಯಾದ ನಿವೃತ್ತ ಸೇನಾಧಿಕಾರಿ ಕಸಿಸ್ಕಿ ಅದನ್ನು ಬರ್ಲಿನ್‌ನಲ್ಲಿ ಪುಸ್ತಕ ಮಾಡಿ ಹೊರತಂದ. ಯಾವ ವರ್ಷ ಗೊತ್ತೇ? 1863. ಇದೇ ವರ್ಷ!

ಅವನ ಉಪಾಯ ಹೀಗೆ. ಒಂದೇ ಪದ ಎರಡು ಸಲ ಬಂದು, ಎರಡು ಸಲವೂ ಅದರ ಕೆಳಗೆ ಕೀಲಿಯ ಅದೇ ಭಾಗ ಬಿದ್ದರೆ, ಗುಪ್ತ ಅಕ್ಷರಗಳೂ ಒಂದೇ ಆಗುತ್ತವೆ. ಅಂಥ ಜೋಡಿಗಳ ನಡುವಿನ ದೂರ ಅಳೆಯಿರಿ. ಆ ದೂರವನ್ನು ಕೀಲಿಯ ಉದ್ದದಿಂದ ಭಾಗಿಸಿದರೆ ಶೇಷ ಉಳಿಯಬಾರದು. ಹೀಗೆ ಉದ್ದ ಸಿಕ್ಕರೆ ಪತ್ರವನ್ನು ಅಷ್ಟು ಕಂಬಗಳಾಗಿ ಸೀಳಿ, ಒಂದೊಂದು ಕಂಬದಲ್ಲೂ ಅಲ್-ಕಿಂದಿಯ ಹಳೆಯ ಎಣಿಕೆ ಮಾಡಬಹುದು.

ಆದರೆ ನಮ್ಮ ಪತ್ರಕ್ಕೆ ಇದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಮುಚ್ಚಿದ ಅಕ್ಷರ ಒಟ್ಟು 125. ಕೀಲಿ 15. ಒಂದು ಕಂಬಕ್ಕೆ ಎಂಟೋ ಒಂಬತ್ತೋ ಅಕ್ಷರ ಬೀಳುತ್ತವೆ. ಎಂಟು ಅಕ್ಷರ ಎಣಿಸಿ ಇದೇ ‘ಇ’ ಅಂತ ಹೇಳುವುದು ಜಾತಕ ಹೇಳಿದಂತೆಯೇ. ಅಂದರೆ ದಕ್ಷಿಣದವರ ಕೀಲಿ ಸಾಕಷ್ಟು ಉದ್ದವಿತ್ತು, ಪತ್ರ ಸಾಕಷ್ಟು ಚಿಕ್ಕದಿತ್ತು. ಲೆಕ್ಕದ ಕಡೆಯಿಂದ ನೋಡಿದರೆ ಅವರು ಸರಿಯಾಗೇ ಮಾಡಿದ್ದರು. ಅದಕ್ಕೇ ನಾನು ಈ ಪದ್ಧತಿಯನ್ನು ದೂರುವುದಿಲ್ಲ. ಕೆಟ್ಟದ್ದು ಬಳಸಿದ ರೀತಿಯಲ್ಲಿ. ಇಡೀ ಪತ್ರ ಮುಚ್ಚಿ, ಪದಗಳ ನಡುವಿನ ಜಾಗ ತೆಗೆದು, ಐದೈದು ಅಕ್ಷರದ ಗುಂಪು ಮಾಡಿ ಬರೆದಿದ್ದರೆ ‘ಕ್ಯಾಪ್ಸ್’ ಎಲ್ಲಿದೆ ಅಂತ ಹುಡುಕುವುದೇ ಒಂದು ತಲೆನೋವಾಗುತ್ತಿತ್ತು. ಅಂಕಿಯನ್ನೂ ಅಕ್ಷರದಲ್ಲಿ ಬರೆದು ಮುಚ್ಚಿದ್ದರೆ ಇನ್ನೂ ಕಷ್ಟ.

ಗುಮಾಸ್ತನ ಕಷ್ಟವೂ ಗೊತ್ತಾಗುತ್ತದೆ ಬಿಡಿ. ಒಂದೊಂದು ಅಕ್ಷರಕ್ಕೂ ಕೋಷ್ಟಕದಲ್ಲಿ ಬೆರಳಿಟ್ಟು ಸಾಲು ಹುಡುಕಬೇಕು, ಕಂಬ ಹುಡುಕಬೇಕು. ಬಿಟ್ಟ ಪದಗಳ ಅಕ್ಷರ ಎಣಿಸಿದರೆ 71. ಅಷ್ಟು ಅಕ್ಷರದ ಕೆಲಸ ಅವನಿಗೆ ತಪ್ಪಿತು. ಜಾಗ ಬಿಟ್ಟು ಬರೆದರೆ ಓದುವವನಿಗೂ ಅನುಕೂಲ. ಆದರೆ ಉಳಿದ ಆ 71 ಅಕ್ಷರವೇ ಮಿಕ್ಕ 125ನ್ನೂ ಬೀದಿಗೆ ತಂದಿತು.

ಇತ್ತ ವಾಷಿಂಗ್ಟನ್ನಿನ ಯುದ್ಧ ಇಲಾಖೆಯ ತಂತಿ ಕಚೇರಿಯಲ್ಲಿ ಶತ್ರುವಿನ ಗುಪ್ತಪತ್ರ ಬಿಡಿಸಲು ಕೂತಿದ್ದವರು ಟಿಂಕರ್, ಚಾಂಡ್ಲರ್, ಬೇಟ್ಸ್ ಅನ್ನುವ ಮೂವರು ತಂತಿ ಆಪರೇಟರುಗಳು. ಮೂವರೂ ಇಪ್ಪತ್ತರ ಹರೆಯದವರು. ಅಧ್ಯಕ್ಷ ಲಿಂಕನ್ ಯುದ್ಧದ ಸುದ್ದಿಗಾಗಿ ಆಗಾಗ ಆ ಕಚೇರಿಗೆ ಬಂದು ಕೂರುತ್ತಿದ್ದ. ಇಂಥ ಅರ್ಧ ಮುಚ್ಚಿದ ಪತ್ರಗಳನ್ನು ಅವರು ಊಹೆಯಿಂದಲೇ ಒಡೆಯುತ್ತಿದ್ದರು.

ಬಾಟಲಿಯೊಳಗಿನ ತಮ್ಮ

ಇದೇ ಕೀಲಿಯ ಇನ್ನೊಂದು ಪತ್ರ ಸಿಕ್ಕದಿದ್ದರೆ ಪ್ರಕರಣ ಇಲ್ಲಿಗೇ ಮುಗಿಯುತ್ತಿತ್ತು. ವರ್ಜೀನಿಯಾದ ರಿಚ್ಮಂಡ್‌ನಲ್ಲಿ ದಕ್ಷಿಣದವರ ನೆನಪಿನ ಮ್ಯೂಸಿಯಂ ಇತ್ತು. 1896ರಲ್ಲಿ ಅದಕ್ಕೆ ಒಂದು ಪುಟ್ಟ ಗಾಜಿನ ಶೀಶೆ ಬಂತು. ಒಳಗೆ ಸುರುಳಿ ಸುತ್ತಿದ ಕಾಗದ, ಜೊತೆಗೊಂದು ಬಂದೂಕಿನ ಗುಂಡು. ಸಿಕ್ಕಿಬೀಳುವ ಹಾಗಾದರೆ ನದಿಗೆ ಎಸೆಯಬೇಕು, ಗುಂಡಿನ ಭಾರಕ್ಕೆ ಶೀಶೆ ಮುಳುಗಬೇಕು ಅನ್ನುವುದು ಉಪಾಯ. ನೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಅದನ್ನು ತೆರೆಯಲಿಲ್ಲ. ಕೊನೆಗೆ ತೆರೆದಾಗ ಆರು ಸಾಲಿನ ಗುಪ್ತಪತ್ರ ಕಂಡಿತು. ಗುಪ್ತಪತ್ರ ಬಿಡಿಸುವ ಕೆಲಸದಿಂದ ನಿವೃತ್ತರಾಗಿದ್ದ ಡೇವಿಡ್ ಗ್ಯಾಡಿ ಅದನ್ನು ಬಿಡಿಸಿಕೊಟ್ಟರು. 2010ರ ಕೊನೆಯಲ್ಲಿ ಸುದ್ದಿ ಲೋಕಕ್ಕೆಲ್ಲ ಗೊತ್ತಾಯಿತು.

ಪತ್ರದ ತಾರೀಖು 1863ರ ಜುಲೈ 4. ಪೆಂಬರ್ಟನ್ ಶರಣಾದದ್ದು ಅದೇ ದಿನ. ಬರೆದವನು ನದಿಯ ಪಶ್ಚಿಮ ದಡದಲ್ಲಿದ್ದ ದಕ್ಷಿಣದ ಸೇನಾಧಿಕಾರಿ. ಮೇಜರ್ ಜನರಲ್ ಜಾನ್ ವಾಕರ್ ಇರಬೇಕು ಅಂತ ತಿಳಿದವರು ಹೇಳುತ್ತಾರೆ. ಕೀಲಿ ಅದೇ ಮ್ಯಾಂಚೆಸ್ಟರ್ ಬ್ಲಫ್.

ಇಲ್ಲಿ ಬಯಲು ಪದ ಬಿಟ್ಟಿಲ್ಲ. ಪಾಠ ಕಲಿತರು ಅನ್ನಿಸುತ್ತದೆ, ಅಲ್ವಾ? ಇಲ್ಲ. ಪದಗಳ ನಡುವಿನ ಜಾಗ ಹಾಗೇ ಇದೆ. ಪತ್ರ ಶುರುವಾಗುವುದು ನಾಲ್ಕಕ್ಷರದ ಪದದಿಂದ, ಆಮೇಲೆ ಒಂಬತ್ತಕ್ಷರದ್ದು: ಎಸ್-ಇ-ಎ-ಎನ್ ಡಬ್ಲ್ಯೂ-ಐ-ಇ-ಯು-ಐ-ಐ-ಯು-ಝಡ್-ಎಚ್. ವಿಕ್ಸ್‌ಬರ್ಗ್‌ಗೆ ಹೋಗುವ ಪತ್ರ ಯಾರಿಗೆ? ‘ಜನರಲ್’ ಅನ್ನುವುದನ್ನು ಆಗ ನಾಲ್ಕಕ್ಷರದಲ್ಲಿ ಮೊಟಕು ಮಾಡಿ ಬರೆಯುತ್ತಿದ್ದರು: ಜಿ, ಇ, ಎನ್, ಎಲ್. ‘ಪೆಂಬರ್ಟನ್’ ಇಂಗ್ಲಿಷಿನಲ್ಲಿ ಒಂಬತ್ತಕ್ಷರ. ಈ ಹದಿಮೂರನ್ನು ಕಳೆದರೆ ಕೀಲಿಯ ಮೊದಲ ಹದಿಮೂರು ಅಕ್ಷರ ಸರಾಗವಾಗಿ ಬರುತ್ತವೆ. ವಿಳಾಸವೇ ಕೀಲಿ ಕೊಟ್ಟುಬಿಟ್ಟಿತು.

ಒಂಟಿ ಅಕ್ಷರದ ಪದಗಳೂ ಇವೆ. ಒಂದು ಕಡೆ ಬರೀ ‘ಎಂ’, ಇನ್ನೊಂದು ಕಡೆ ‘ಬಿ’, ಮತ್ತೊಂದು ಕಡೆ ‘ಜೆ’. ಇಂಗ್ಲಿಷಿನಲ್ಲಿ ಒಂಟಿ ಅಕ್ಷರದ ಪದ ಅಂದರೆ ‘ಎ’ ಅಥವಾ ‘ಐ’, ಅಷ್ಟೇ. ಮುಖವಾಡ ಎಷ್ಟೇ ಬದಲಾಗಲಿ, ಗಾತ್ರವೇ ಗುಟ್ಟು ಹೇಳುತ್ತದೆ.

ಎರಡೂ ಪತ್ರಗಳನ್ನು ಪಕ್ಕದಲ್ಲಿಟ್ಟು ನೋಡುವುದು ಇನ್ನೂ ಚೆಂದ. ಶೀಶೆಯ ಪತ್ರದಲ್ಲೂ ಕ್ಯಾಪ್ ಕಳಿಸಿದ ಸುದ್ದಿ ಇದೆ. ಅಲ್ಲಿ ‘ಕ್ಯಾಪ್ಸ್’ ಪದ ಯು-ಟಿ-ಟಿ-ಜೆ ಆಗಿದೆ. ಜಾನ್‌ಸ್ಟನ್‌ನ ಪತ್ರದಲ್ಲಿ ಅದೇ ಪದ ವಿ-ಇ-ಜಿ-ಟಿ ಆಗಿತ್ತು. ಕೀಲಿ ಒಂದೇ. ಆದರೆ ಒಂದು ಕಡೆ ‘ಟಿ-ಇ-ಆರ್-ಬಿ’ ಕೆಳಗೆ ಬಿತ್ತು, ಇನ್ನೊಂದು ಕಡೆ ‘ಎಸ್-ಟಿ-ಇ-ಆರ್’. ಒಂದು ಹೆಜ್ಜೆ ಜಾರಿದ್ದಕ್ಕೆ ಗುರುತೇ ಸಿಗದಷ್ಟು ಬದಲಾಯಿತು.

ಆದರೆ ಆ ತಮಾಷೆಯ ಎ-ಎಸ್ ನೆನಪಿದೆಯೇ? ಶೀಶೆಯ ಪತ್ರದಲ್ಲೂ ಎ-ಎಸ್ ಇದೆ. ಅಲ್ಲಿಯೂ ಅದು ‘ಟು’. ಎರಡು ಕಡೆಯೂ ಆ ಪದದ ಕೆಳಗೆ ಕೀಲಿಯ ಐದನೇ ಮತ್ತು ಆರನೇ ಅಕ್ಷರವೇ ಬಿದ್ದಿವೆ. ಕಸಿಸ್ಕಿ ಹುಡುಕಿ ಎನ್ನುತ್ತಿದ್ದದ್ದು ಇಂಥ ಜೋಡಿಯನ್ನೇ. ಮೇ ತಿಂಗಳಿನಿಂದ ಜುಲೈವರೆಗೆ ಕೀಲಿ ಬದಲಿಸದಿದ್ದರೆ ಹೀಗಾಗುತ್ತದೆ.

ಮುಂದೆ ಬದಲಿಸಿದರು. ‘ಕಂಪ್ಲೀಟ್ ವಿಕ್ಟರಿ’ ಅಂದರು. ಯುದ್ಧದ ಕೊನೆಯ ತಿಂಗಳುಗಳಲ್ಲಿ ‘ಕಮ್ ರೆಟ್ರಿಬ್ಯೂಷನ್’ ಅಂದರು. ಇಂಗ್ಲಿಷ್ ಅಕ್ಷರ ಎಣಿಸಿ ನೋಡಿ. ಮೂರಕ್ಕೂ ಹದಿನೈದೇ! ಒಂದನ್ನು ಒಡೆದವನಿಗೆ ಮಿಕ್ಕ ಎರಡರ ಉದ್ದ ಪುಕ್ಕಟೆ. ಲಿಂಕನ್ ಕೊಲೆಯಾದ ಮೇಲೆ ಕೊಲೆಗಾರ ಬೂತ್‌ನ ಪೆಟ್ಟಿಗೆಯಲ್ಲಿ ಇದೇ ಬಗೆಯ 26 ಸಾಲಿನ ಕೋಷ್ಟಕ ಸಿಕ್ಕಿತು. ಅದು 1865ರ ವಿಚಾರಣೆಯಲ್ಲಿ ಸಾಕ್ಷಿಯಾಗಿಯೂ ಬಂತು.

ಶೀಶೆಯ ಪತ್ರದಲ್ಲಿ ‘ಜನರಲ್ ಪೆಂಬರ್ಟನ್’ ಆದ ಮೇಲೆ ‘ನೀವು ನಿರೀಕ್ಷಿಸಬಹುದು’ ಅನ್ನುವ ಅರ್ಥದ ಮೂರು ಇಂಗ್ಲಿಷ್ ಪದ ಬರುತ್ತವೆ. ಪೆಂಬರ್ಟನ್ ಏನನ್ನು ನಿರೀಕ್ಷಿಸಬಹುದಿತ್ತು? ಅದನ್ನು ನಾನು ಹೇಳುವುದಿಲ್ಲ, ನೀವೇ ಬಿಡಿಸಿ. ಮುಂದಿನ ಎರಡು ಪದ: ಓ-ಝಡ್ ಬಿ-ಜೆ-ಕ್ಯೂ-ಬಿ. ಕೀಲಿಯನ್ನು ಹನ್ನೊಂದನೇ ಅಕ್ಷರದಿಂದ, ಅಂದರೆ ‘ಬ್ಲಫ್’ ಪದದ ‘ಬಿ’ಯಿಂದ ಶುರು ಮಾಡಿ. ಕೊನೆಯ ಅಕ್ಷರಕ್ಕೆ ಬರುವ ಹೊತ್ತಿಗೆ ಕೀಲಿ ಮುಗಿದು ಮತ್ತೆ ‘ಎಂ’ಗೆ ಬಂದಿರುತ್ತದೆ. ಸೊನ್ನೆಗಿಂತ ಕಡಿಮೆ ಬಂದರೆ 26 ಕೂಡಿಸುವುದನ್ನು ಮರೆಯಬೇಡಿ.